ಕಣ್ಣೀರಿಗೆ ನಾನೇ ಜವಾಬ್ದಾರ

ಟೀವಿಯನ್ನು ನೀವೆಲ್ಲ ಮುಂದಿನಿಂದ ನೋಡಿದ್ದೀರಿ, ನಾನು ಹಿಂದಿನಿಂದ ನೋಡಿದವನು. ಇದು ಜಂಬವಲ್ಲ, ನನ್ನ ಕಸುಬು. ಹೊನ್ನಾವರ ತಾಲೂಕಿನ ನಮ್ಮ ಮಂಕಿಯಲ್ಲಿ ಮೊದಲು ಟೀವಿ ರಿಪೇರಿ, ಆಮೇಲೆ ಆಂಟೆನಾ ಕಟ್ಟುವುದು, ಆಮೇಲೆ ಕೇಬಲ್ಲು, ಈಗ ಸೆಟ್‌ಟಾಪ್ ಡಬ್ಬಿಯ ರೀಚಾರ್ಜು, ಹೀಗೆ ಮೂವತ್ತು ವರ್ಷಕ್ಕೂ ಮಿಕ್ಕಿ ಕಂಡವರ ಮನೆಯಲ್ಲಿ ಟೀವಿಯ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಬದುಕಿದ್ದೇನೆ. ಹಿಂದೆ ಕೂತವನಿಗೆ ಪರದೆಯ ಮೇಲಿನ ಚಿತ್ರ ಕಾಣುವುದಿಲ್ಲ. ಆದರೆ ಅದನ್ನು ನೋಡುತ್ತಿರುವವರ ಮುಖ ಬಹಳ ಚೆನ್ನಾಗಿ ಕಾಣುತ್ತದೆ. ಆ ಮುಖಗಳನ್ನು ಓದಿಯೇ ನಾನು ಈ ವಿಷಯದಲ್ಲಿ ಪಂಡಿತನಾದದ್ದು. ಯಾವ ಚಾನೆಲ್ಲು ಯಾರನ್ನು ಯಾಕೆ ಅಳಿಸುತ್ತದೆ, ಯಾವಾಗ ಹೆದರಿಸುತ್ತದೆ, ಎಷ್ಟು ಹೊತ್ತು ಕಾಯಿಸಿ ಜಾಹೀರಾತು ತೋರಿಸುತ್ತದೆ ಎಂಬುದನ್ನು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಇಂಥ ನನಗೇ ಹೀಗಾಯಿತಲ್ಲ ಎಂಬುದು ಈ ಬರಹದ ಸಂಕಟ.

ಈಗಿನ ಕಾರ್ಯಕ್ರಮಗಳು ಕೆಟ್ಟುಹೋಗಿವೆ, ಹಿಂದೆ ಎಲ್ಲ ಸಭ್ಯವಾಗಿತ್ತು ಎಂದು ನನ್ನ ಅಂಗಡಿಯ ಕಟ್ಟೆಯಲ್ಲಿ ಕೂತು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನನ್ನ ಅಪ್ಪನ ಕಾಲದಲ್ಲಿ ನಮ್ಮ ಮನೆಯಲ್ಲಿ ಮರದ ಪೆಟ್ಟಿಗೆಯ ರೇಡಿಯೋ ಇತ್ತು. ಅದರಲ್ಲಿ ಯಾರೋ ಬರೆದ ಕಷ್ಟದ ಪತ್ರವನ್ನು ಇನ್ಯಾರೋ ನಡುಗುವ ದನಿಯಲ್ಲಿ ಓದುತ್ತಿದ್ದರು. ಅಮ್ಮ ಒಲೆಯ ಮೇಲಿನ ಗಂಜಿ ಉಕ್ಕಿ ಬೂದಿಗೆ ಹೋದರೂ ಕದಲುತ್ತಿರಲಿಲ್ಲ. ಒಮ್ಮೆ ನಾಟಕದಲ್ಲಿ ಒಬ್ಬಳು ಬಾವಿಗೆ ಹಾರಿದ ಸದ್ದಾಯಿತು, ಉಳಿದದ್ದು ಮುಂದಿನ ವಾರ ಅಂದರು. ಹಬ್ಬಕ್ಕೆಂದು ಬಂದಿದ್ದ ದೊಡ್ಡಮ್ಮ, ಹಾರಿದವಳು ಸತ್ತಳೋ ಬದುಕಿದಳೋ ತಿಳಿಯದೆ ಹೋಗುವುದು ಹೇಗೆ ಎಂದು ಇಡೀ ವಾರ ನಮ್ಮಲ್ಲೇ ಉಳಿದಳು. ಮುಂದಿನ ವಾರ ಗೊತ್ತಾಯಿತು, ಬಾವಿಗೆ ಬಿದ್ದದ್ದು ಕೊಡಪಾನ! ದೊಡ್ಡಮ್ಮ ಸಿಟ್ಟಿನಿಂದ ಅವತ್ತೇ ತನ್ನೂರು ತೆಂಗಿನಗುಂಡಿಗೆ ಹೊರಟುಹೋದಳು. ಆವತ್ತಿನ ಕೊಡಪಾನಕ್ಕೂ ಇವತ್ತಿನ ಬ್ರೇಕಿಂಗ್ ಸುದ್ದಿಗೂ ನನಗೇನೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಆಮೇಲೆ ಟೀವಿ ಬಂತು, ಅಳುವ ಸೊಸೆಯರು ಬಂದರು. ಸಮುದ್ರದ ಉಪ್ಪುಗಾಳಿಗೆ ಆಂಟೆನಾದ ಕಡ್ಡಿಗಳು ತುಕ್ಕು ಹಿಡಿಯುತ್ತಿದ್ದವು, ನನಗೆ ಕರೆ ಬರುತ್ತಿತ್ತು. ಜನ ಟೀವಿಯ ರೋಗಲಕ್ಷಣ ಹೇಳುವ ರೀತಿಯೇ ಚಂದ. “ಅತ್ತೆ ಬೈಯೂವಾಗ ಸರಿ ಬತ್ತದೆ. ಸೊಸೆ ಅಳೂಕೆ ಶುರು ಮಾಡ್ದ ಕೂಡ್ಲೆ ಗೆರೆ ಬತ್ತದೆ” ಎಂದು ಒಬ್ಬರು ದೂರಿದ್ದರು. ಕೇಬಲ್ ಬಂದ ಮೇಲಂತೂ ಲೋಕ ಕುಲಗೆಟ್ಟಿತೋ ಸುಧಾರಿಸಿತೋ ಎಂದು ಅಳೆಯಲು ನನಗೆ ಒಂದು ಪಕ್ಕಾ ಅಳತೆಗೋಲೇ ಸಿಕ್ಕಿತು. ತೆಂಗಿನ ಮರದಿಂದ ಮರಕ್ಕೆ ಎಳೆದ ವೈರು ಮಂಗಗಳು ಜೋತಾಡಿ ಕಡಿದುಹೋಗುತ್ತಿತ್ತು. ಕೃಷಿಯ ಕಾರ್ಯಕ್ರಮದ ಹೊತ್ತಿಗೆ ಕಡಿದರೆ ಮೂರು ದಿನವಾದರೂ ಒಬ್ಬರೂ ಕೇಳುತ್ತಿರಲಿಲ್ಲ. ಗಂಡಹೆಂಡಿರನ್ನು ಕೂರಿಸಿ ಜಗಳ ಹಚ್ಚುವ ಕಾರ್ಯಕ್ರಮದ ಹೊತ್ತಿಗೆ ಕಡಿದರೆ ನಾನು ಮರ ಹತ್ತುವ ಮೊದಲೇ ಬುಡದಲ್ಲಿ ಜನ ಸೇರುತ್ತಿದ್ದರು. ಮನೆಯೊಳಗಿನ ಜಗಳ ನಿಲ್ಲಿಸಿ, ಟೀವಿಯ ಜಗಳ ಕಡಿದುಹೋಯಿತೆಂದು ಒಟ್ಟಾಗಿ ಬಂದು ನನ್ನನ್ನು ಬೈದ ದಂಪತಿಯೂ ಉಂಟು.

ಇದನ್ನೆಲ್ಲ ನಾನು ಮನೆಯಲ್ಲೂ ಭಾಷಣ ಮಾಡುತ್ತೇನೆ. ನನ್ನ ಹೆಂಡತಿ ಶಾರದಾ ಬಟಾಟೆ ಹೆಚ್ಚುತ್ತಾ ಕೇಳುತ್ತಾಳೆ, ಕೊನೆಗೆ ಒಂದೇ ಮಾತು ಅನ್ನುತ್ತಾಳೆ: “ಅಷ್ಟೆಲ್ಲ ಗೊತ್ತಿದ್ದವ್ರು ಆ ಜಗಳದ ಕಾರ್ಯಕ್ರಮ ಒಂದಿನಾನೂ ತಪ್ಪಿಸೂದಿಲ್ಲ ಅಲ್ದಾ?” ನಾನು ನೋಡುವುದು ಸಿಗ್ನಲ್ ಸರಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸಲು. ಪರೀಕ್ಷೆಗೆ ಒಂದು ಗಂಟೆ ಬೇಕಾಗುತ್ತದೆ, ಅದಕ್ಕೆ ನಾನೇನು ಮಾಡಲಿ?

ಇನ್ನು ಮಾದೇವಕ್ಕನ ವಿಷಯಕ್ಕೆ ಬರುತ್ತೇನೆ. ಮಾದೇವಕ್ಕ ನಮ್ಮ ಪಕ್ಕದ ಮನೆಯವಳು. ಎಪ್ಪತ್ತು ದಾಟಿದೆ, ಗದ್ದೆಯಲ್ಲಿ ಹರಿವೆ, ಬಸಳೆ, ಸೌತೆ ಬೆಳೆದು ಇವತ್ತಿಗೂ ತಾನೇ ಬಸ್ಸು ಹತ್ತಿ ಹೊನ್ನಾವರ ಪೇಟೆಗೆ ಒಯ್ದು ಮಾರುತ್ತಾಳೆ. ಆದರೆ ಅವಳು ನಿಜವಾಗಿ ಹೆಸರಾದದ್ದು ಹಾಡಿನಲ್ಲಿ. ನಮ್ಮ ಸುತ್ತಿನ ಮನೆಗಳಲ್ಲಿ ಮದುವೆಯಾದರೆ ಹೆಣ್ಣನ್ನು ಗಂಡಿನ ಕಡೆಯವರಿಗೆ ಒಪ್ಪಿಸಿಕೊಡುವ ಹಾಡು ಮಾದೇವಕ್ಕನದೇ. ಅದು ಬಾಯಿಪಾಠದ ಹಾಡಲ್ಲ. ಧಾಟಿ ಒಂದೇ, ಮಾತು ಒಬ್ಬೊಬ್ಬ ಹೆಣ್ಣಿಗೆ ಒಂದೊಂದು. ಈ ಹುಡುಗಿಗೆ ಚಿಕ್ಕಂದಿನಲ್ಲಿ ಯಾವ ಜ್ವರ ಬಂದಿತ್ತು, ಯಾವ ಪಲ್ಯ ಸೇರುವುದಿಲ್ಲ, ಸಿಟ್ಟು ಬಂದರೆ ಎಷ್ಟು ದಿನ ಮಾತು ಬಿಡುತ್ತಾಳೆ, ಎಲ್ಲವನ್ನೂ ಹಾಡಿನಲ್ಲಿ ಕಟ್ಟಿ, ಇವಳನ್ನು ನಿಮ್ಮ ಕೈಗೆ ಕೊಟ್ಟಿದ್ದೇವೆ, ಸ್ವಲ್ಪ ತಾಳಿಕೊಳ್ಳಿ ಎಂದು ಕೇಳುತ್ತಾಳೆ. ಚಪ್ಪರದಲ್ಲಿ ಅಳದವರಿಲ್ಲ, ಅಡಿಗೆಯವರೂ ಸಟ್ಟುಗ ಹಿಡಿದುಕೊಂಡೇ ಬಂದು ಅಳುತ್ತಾರೆ. ಮಾದೇವಕ್ಕ ಮಾತ್ರ ಅಳುವುದಿಲ್ಲ. ಅವಳ ಅತ್ತೆ ಕಲಿಸಿದ ಎರಡು ಕಟ್ಟಳೆಗಳನ್ನು ಅವಳು ಬಿಟ್ಟವಳಲ್ಲ. ಹಾಡುವವಳು ಅಳಬಾರದು, ಅದು ಕೇಳುವವರ ಪಾಲು. ಮತ್ತು ಎದುರಿಗೆ ಹೆಣ್ಣು ಕೂರದೆ ಆ ಹಾಡು ಹೇಳಬಾರದು, ಒಂದು ಹೆಣ್ಣಿಗೆ ಹೇಳುವುದು ಒಂದೇ ಸಲ.

ನನ್ನ ಮಗಳು ಅಶ್ವಿನಿ ಭಟ್ಕಳದ ಒಂದು ಆಸ್ಪತ್ರೆಯಲ್ಲಿ ನರ್ಸು. ಕುಮಟಾದ ಹುಡುಗನ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಉಳಿದ ತಯಾರಿ ಏನೇ ಇರಲಿ, ನಾವು ಮೊದಲು ಮಾಡಿದ ಕೆಲಸ ಮಾದೇವಕ್ಕನಿಗೆ ವೀಳ್ಯ ಕೊಟ್ಟು ಹಾಡಿಗೆ ಕರೆದದ್ದು. ಅಶ್ವಿನಿ ಸಣ್ಣವಳಿದ್ದಾಗಿನಿಂದ ಬೇರೆಯವರ ಮದುವೆಗಳಲ್ಲಿ ಆ ಹಾಡು ಕೇಳುತ್ತಾ, ನನಗೆ ಎಂತ ಹೇಳ್ತೆ ಮಾದೇವಜ್ಜಿ ಎಂದು ಪೀಡಿಸುತ್ತಿದ್ದಳು. ಮಣೆ ಮೇಲೆ ಕೂತ ದಿನ ಹೇಳ್ತೆ ಎಂದು ಮಾದೇವಕ್ಕ ನಗುತ್ತಿದ್ದಳು. ಇಪ್ಪತ್ತು ವರ್ಷ ನನ್ನ ಮಗಳು ಆ ಒಂದು ದಿನಕ್ಕೆ ಕಾದಿದ್ದಳು ಎಂಬುದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಿ. ನಾನಂತೂ ಇಟ್ಟುಕೊಳ್ಳಲಿಲ್ಲ.

ಮದುವೆಗೆ ಒಂದು ತಿಂಗಳಿರುವಾಗ ಬೆಂಗಳೂರಿನ ಒಂದು ಚಾನೆಲ್ಲಿನಿಂದ ನನಗೆ ಫೋನು ಬಂತು. ಹಳ್ಳಿಯ ಹಾಡುಗಾರರನ್ನು ಹುಡುಕುವ ಹೊಸ ಕಾರ್ಯಕ್ರಮವಂತೆ. ಊರಿನಲ್ಲಿ ಟೀವಿಗೆ ಸಂಬಂಧಪಟ್ಟವರು ಯಾರು ಎಂದು ಕೇಳಿದರೆ ಯಾರೋ ಕೇಬಲ್ಲಿನವನ ನಂಬರು ಕೊಟ್ಟಿದ್ದಾರೆ. “ಸರ್, ನೀವೂ ನಮ್ಮ ಇಂಡಸ್ಟ್ರಿಯವರೇ ಅಲ್ವಾ?” ಎಂದಳು ಆ ಹೆಣ್ಣುಮಗಳು. ಮೂವತ್ತು ವರ್ಷ ಜನ ನನ್ನನ್ನು ಡಬ್ಬಿಯವ, ವೈರಿನವ, ಕರೆದರೆ ಬಾರದವ ಎಂದೆಲ್ಲ ಕರೆದಿದ್ದಾರೆ. ಇಂಡಸ್ಟ್ರಿಯವ ಎಂದದ್ದು ಇದೇ ಮೊದಲು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾದೇವಕ್ಕನ ಹಾಡಿನ ಬಗ್ಗೆ ಅರ್ಧ ಗಂಟೆ ಹೇಳಿದೆ. ಅವಳು ಎಲ್ಲ ಕೇಳಿ, “ಎಮೋಷನ್ ಇರುತ್ತಾ ಸರ್?” ಎಂದಳು. “ಮೇಡಂ, ಕಣ್ಣೀರಿಗೆ ನಾನೇ ಜವಾಬ್ದಾರ” ಎಂದೆ. ಇಷ್ಟು ವರ್ಷ ಕಟ್ಟೆಯ ಮೇಲೆ ಯಾರನ್ನು ಬೈದಿದ್ದೆನೋ ಅವರ ಕೆಲಸಕ್ಕೆ ನಾನು ಸೇರಿಕೊಳ್ಳಲು ಅರ್ಧ ಗಂಟೆ ಸಾಕಾಯಿತು.

ಒಂದು ಶನಿವಾರ ಬೆಳಿಗ್ಗೆ ಮೇಡಂ ಬಂದಳು, ಜೊತೆಗೆ ಒಬ್ಬ ಕ್ಯಾಮೆರಾದವನು. ಮೊದಲ ತೊಡಕು ಮಾದೇವಕ್ಕನ ಮನೆ. ಹಂಚಿನ ಮನೆಯಾದರೂ ನೆಲಕ್ಕೆ ಟೈಲ್ಸು, ಹಾಲ್‌ನಲ್ಲಿ ಫ್ರಿಜ್ಜು, ಅಂಗಳದಲ್ಲಿ ಲೈನ್‌ಮನ್ ಆಗಿರುವ ಮಗನ ಹೊಸ ಬೈಕು. ಮೇಡಂ ಮುಖ ಸಣ್ಣ ಮಾಡಿ, “ಸರ್, ಇದು ತುಂಬಾ ಕಂಫರ್ಟಬಲ್ ಆಗಿದೆಯಲ್ಲ” ಎಂದಳು. ನಾನು ನಮ್ಮ ಇಂಡಸ್ಟ್ರಿಯ ಕಷ್ಟ ಅರ್ಥ ಮಾಡಿಕೊಂಡು ನಮ್ಮ ಮನೆಯ ಹಿಂದಿನ ತೆಂಗಿನಸಿಪ್ಪೆ ಹಾಕುವ ಕೊಟ್ಟಿಗೆ ತೋರಿಸಿದೆ. ಒಂದು ಗೋಡೆ ಬಿದ್ದಿತ್ತು, ಹಂಚು ಹೋದ ಮಾಡಿನಿಂದ ಬಿಸಿಲು ಇಳಿಯುತ್ತಿತ್ತು. ಮೇಡಮ್ಮಿಗೆ ಬಹಳ ಇಷ್ಟವಾಯಿತು. ಮಾದೇವಕ್ಕನಿಗೆ ನಾನು, ಇಲ್ಲಿ ಬೆಳಕು ಚೆನ್ನಾಗಿದೆ ಎಂದು ಹೇಳಿದೆ. ಸುಳ್ಳಲ್ಲ, ಮಾಡೇ ಇಲ್ಲದಲ್ಲಿ ಬೆಳಕಿಗೇನು ಬರ?

ಮಾದೇವಕ್ಕ ಪೆಟ್ಟಿಗೆಯಲ್ಲಿಟ್ಟಿದ್ದ ಕೆಂಪು ಸೀರೆ ಉಟ್ಟು, ಮುಡಿ ತುಂಬ ಅಬ್ಬಲಿಗೆ ಮುಡಿದು ಬಂದಳು. ಮೇಡಂ, “ಅಜ್ಜಿ, ಹಳೇ ಸೀರೆ ಯಾವುದಾದ್ರೂ ಇದ್ಯಾ?” ಎಂದಳು.

“ಅದೆ, ಗದ್ದೆಗೆ ಉಡೂದು. ಕರೆದಲ್ಲಿಗೆ ಬರೂವಾಗ ಅದ್ನ ಉಡೂಕೆ ನಂಗೆಂತ ಹುಚ್ಚಾ?” ಎಂದಳು ಮಾದೇವಕ್ಕ.

ಸೀರೆಯ ವಿಷಯ ಅಲ್ಲಿಗೇ ಬಿಟ್ಟು ಮೇಡಂ ಹತ್ತಿರ ಕೂತು, ಬಹಳ ಮೆತ್ತಗಿನ ದನಿಯಲ್ಲಿ, “ಯಜಮಾನರು ತೀರಿಕೊಂಡ ಮೇಲೆ ತುಂಬಾ ಕಷ್ಟ ಆಯ್ತಾ ಅಜ್ಜಿ?” ಎಂದು ಕೇಳಿದಳು.

ಮಾದೇವಕ್ಕ ಗಾಬರಿಯಿಂದ ಎದ್ದು ನಿಂತಳು. “ಯಾರು ಹೇಳದ್ರು? ಈಗಷ್ಟೇ ಮೀನು ತರ್ತೆ ಹೇಳಿ ಪೇಟೆಗೆ ಹೋದ್ರಲ್ಲ!”

ಅವರು ಚೀಲ ಹಿಡಿದು ನಡೆದುಹೋದದ್ದನ್ನು ನಾನೇ ಕಂಡಿದ್ದೆ ಎಂದು ಹೇಳಿ ಸಮಾಧಾನ ಮಾಡಿ ಕೂರಿಸಿದೆ. ಮೇಡಂ ಸೋಲುವವಳಲ್ಲ. ಮಗ ನಿಮ್ಮನ್ನು ನೋಡಿಕೊಳ್ಳುವುದಿಲ್ಲವಾ ಎಂದು ಕೇಳಿದಳು. “ಅಂವ ನನ್ನ ನೋಡ್ಕಳೂದೆಂತ? ಬೆಳಗಿನ ಡಬ್ಬಿ ಕಟ್ಟಿ ಕಳ್ಸೂದು ಇವತ್ತಿಗೂ ನಾನೇ” ಎಂದಳು ಮಾದೇವಕ್ಕ. ಮೇಡಂ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ, ಕಣ್ಣೀರಿಗೆ ನೀವು ಜವಾಬ್ದಾರರು ಎಂದು ಬರೆದಿತ್ತು. ಒಪ್ಪಿಸುವ ಹಾಡು ಹೇಳಿಬಿಡು ಅಕ್ಕಾ, ಎಲ್ಲ ಸರಿಹೋಗುತ್ತದೆ ಎಂದೆ. ಮಾದೇವಕ್ಕ ತಲೆಯಾಡಿಸಿದಳು. “ಹೆಣ್ಣಿಲ್ದೆ ಯಾರಿಗೆ ಒಪ್ಸೂದು ತಮ್ಮಾ, ತೆಂಗಿನಸಿಪ್ಪೆಗಾ?”

ಆಗ ನನಗೆ ಹೊಳೆಯಿತು. ಹೊಳೆಯಬಾರದಿತ್ತು. ಅಶ್ವಿನಿಗೆ ಅವತ್ತು ರಜೆ, ಮನೆಯಲ್ಲೇ ಇದ್ದಳು. ಓಡಿಹೋಗಿ, ಐದೇ ನಿಮಿಷ ಬಾ ಮಗಾ, ಟೀವಿಯಲ್ಲಿ ಬರುತ್ತೀ ಎಂದು ಕರೆತಂದೆ. ಮಣೆ ಹಾಕಿ ಕೂರಿಸಿದೆ. ಮಾದೇವಕ್ಕ ನನ್ನನ್ನೇ ನೋಡಿದಳು. “ತಮ್ಮಾ, ಈಗ್ಲೇ ಹೇಳೂದಾ?” ಎಂದಳು. ಹೌದು ಎಂದೆ. “ಅಶ್ವಿನಿಗೇ ಹೇಳೂದಾ?” ಎಂದಳು. ಮತ್ತೆ ಯಾರಿಗೆ ಎಂದೆ. “ಖರೇ?” ಎಂದು ಮೂರನೆಯ ಸಲ ಕೇಳಿದಳು. ಕ್ಯಾಮೆರಾದವನು ಬಿಸಿಲು ಸರಿಯುತ್ತಿದೆ ಎಂದು ಅವಸರ ಮಾಡುತ್ತಿದ್ದ. “ಹೇಳೇ ಮಾರಾಯ್ತಿ, ಹೊತ್ತಾಯ್ತು” ಎಂದು ನಾನೇ ಗದರಿದೆ.

ಮಾದೇವಕ್ಕ ಹಾಡಿದಳು. ನಾನು ಎಲ್ಲ ಮದುವೆಗಳಲ್ಲಿ ಮಾಡುವಂತೆ ಹಾಡಿನ ಗುಣಮಟ್ಟ ಅಳೆಯುವ ಗತ್ತಿನಲ್ಲಿ ಕೈಕಟ್ಟಿ ನಿಂತಿದ್ದೆ. ಅವಳು ಹಾಡಿದ್ದು ಹೀಗೆ: ಅಪ್ಪ ತೆಂಗಿನ ಮರದ ತಲೆಯಲ್ಲಿ ವೈರು ಜೋಡಿಸುತ್ತಿದ್ದಾನೆ. ಯಾರದೋ ಮನೆಯೊಳಗೆ ಚಿತ್ರ ಬಂತೋ ಇಲ್ಲವೋ ನೋಡಿ ಮರದ ಬುಡಕ್ಕೆ ಓಡಿಬಂದು ಕೂಗಿ ಹೇಳುವವಳು ಈ ಮಗಳು. ಬಂತು ಅಪ್ಪಾ, ಹೋಯ್ತು ಅಪ್ಪಾ ಎಂದು ಮನೆಗೂ ಮರಕ್ಕೂ ಬಿಸಿಲಿನಲ್ಲಿ ಓಡಿ ಓಡಿ ಸವೆದ ಕಾಲಿದು, ಎಂದೂ ಕಾಲು ನೋವು ಎನ್ನಲಿಲ್ಲ, ಈ ಕಾಲನ್ನು ನೀವು ಹೊಸಿಲಿನ ಹೊರಗೆ ನಿಲ್ಲಿಸಬೇಡಿ. ನಾನು ಅದನ್ನೆಲ್ಲ ಮರೆತೇಬಿಟ್ಟಿದ್ದೆ. ಅವಳಿಗಾಗ ಆರೋ ಏಳೋ ವರ್ಷ. ಚಪ್ಪಲಿ ಹಾಕಿಕೋ ಎಂದು ಒಂದು ದಿನವೂ ಹೇಳಿದವನಲ್ಲ ನಾನು. ಸಿಪ್ಪೆಯ ರಾಶಿಯ ಮೇಲೆ ಕುಸಿದು ಕೂತು ಹಸುಗೂಸಿನ ಹಾಗೆ ಅತ್ತೆ. ಕಣ್ಣುಬಿಟ್ಟರೆ ಕ್ಯಾಮೆರಾ ಮಾದೇವಕ್ಕನನ್ನು ಬಿಟ್ಟು ನನ್ನ ಮೂಗಿನ ಮುಂದೆ ಇತ್ತು. ಮೇಡಂ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು.

ಎರಡು ವಾರದ ನಂತರ ಪ್ರಸಾರವಾಯಿತು. ಅಂದು ಮಂಕಿಯಲ್ಲಿ ಒಂದು ವೈರೂ ಕಡಿಯದಂತೆ ಬೆಳಿಗ್ಗೆಯಿಂದ ಕಾವಲು ಕಾದಿದ್ದೆ. ನನ್ನ ಜೀವಮಾನದಲ್ಲೇ ಅಷ್ಟು ಸ್ವಚ್ಛವಾದ ಚಿತ್ರವನ್ನು ಜನರಿಗೆ ಕೊಟ್ಟದ್ದಿಲ್ಲ. ಮೊದಲು ಸಿಪ್ಪೆ ಕೊಟ್ಟಿಗೆ ಕಾಣಿಸಿತು, ಪಿಟೀಲು ಗೋಳಾಡಿತು. ಮಾದೇವಕ್ಕ ಎರಡು ಸಾಲು ಹಾಡುವಷ್ಟರಲ್ಲಿ ಅವಳ ದನಿ ಕರಗಿಹೋಗಿ ನನ್ನ ಮುಖ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ, “ಹೆತ್ತವಳನ್ನು ಕೊಟ್ಟಿಗೆಗೆ ತಳ್ಳಿದ ಮಗ, ಹಾಡು ಕೇಳಿ ಕುಸಿದುಬಿದ್ದ!” ಎಂದಿತ್ತು. ನನ್ನ ಅಳುವನ್ನು ನಿಧಾನಗತಿಯಲ್ಲಿ ಮೂರು ಸಲ ತೋರಿಸಿದರು. ನನ್ನ ಮೂಗು ಅಷ್ಟು ಅಗಲವಾಗಿ ಅರಳುತ್ತದೆಂದು ನನಗೇ ಗೊತ್ತಿರಲಿಲ್ಲ. ನನ್ನ ಹೆತ್ತ ತಾಯಿ ತೀರಿಕೊಂಡು ಹತ್ತು ವರ್ಷವಾಗಿದೆ, ಕೊನೆಯವರೆಗೂ ನಮ್ಮ ಮನೆಯ ಮಂಚದ ಮೇಲೇ ಮಲಗಿದ್ದಳು. ಯಾರಿಗೆ ಹೇಳಲಿ?

ಮಾರನೆಯ ದಿನ ಕುಮಟಾದಿಂದ ಬೀಗರ ಫೋನು. ಬಹಳ ಮರ್ಯಾದೆಯಿಂದಲೇ, “ನಿಮ್ಮ ತಾಯಿಯವ್ರು ಇದ್ದಾರೆ ಹೇಳಿ ನಮ್ಗೆ ಗೊತ್ತಿರ್ಲಿಲ್ಲ. ಅವ್ರಿಗೂ ಒಂದು ಸೀರೆ ತರ್ಬೇಕಾತಲ್ಲ” ಎಂದರು. ಭಟ್ಕಳದಲ್ಲಿ ನಾನು ವೈರು ಕೊಳ್ಳುವ ಅಂಗಡಿಯ ಯಜಮಾನರು ಬಹಳ ದಿನದ ಪರಿಚಯದವರು. ಅವರು ವೈರು ಅಳೆಯುತ್ತಾ ತಲೆ ಎತ್ತದೆ, “ಅಮ್ಮ ಅಂದ್ರೆ ಅಮ್ಮ ಭಾಯಿ. ಮನೆ ಒಳಗೆ ಕರ್ಕೊಂಡು ಬನ್ನಿ” ಎಂದರು. ನಾನು ಸತ್ಯ ಹೇಳಿದಷ್ಟೂ ಅವರ ಮುಖದಲ್ಲಿ ಕನಿಕರ ಹೆಚ್ಚಾಯಿತು. ಟೀವಿಯಲ್ಲಿ ಬಂದದ್ದನ್ನು ಸುಳ್ಳೆಂದು ಹೇಳಲು ಟೀವಿಯವನಿಗೇ ಸಾಧ್ಯವಾಗುವುದಿಲ್ಲ ನೋಡಿ.

ಮಾದೇವಕ್ಕನ ಅಂಗಳಕ್ಕೆ ಹೋದಾಗ ಅವಳ ಗಂಡ ಬಲೆಯಂಥ ಹಳೆಯ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ಮೇಡಂ ಬಾಯಲ್ಲಿ ತಾನು ತೀರಿಕೊಂಡ ಬಗ್ಗೆ ಅವರಿಗೇನೂ ಬೇಸರವಿರಲಿಲ್ಲ. ನಾನು ಕಾಲು ಹಿಡಿಯುವುದೊಂದು ಬಾಕಿ, ತಪ್ಪಾಯ್ತು ಅಕ್ಕಾ, ನಿನ್ನನ್ನು ಕೊಟ್ಟಿಗೆಯಲ್ಲಿ ಕೂರಿಸಿದ್ದು ನನ್ನದೇ ಬುದ್ಧಿ ಎಂದೆ. “ಅದು ಹೋಗ್ಲಿ, ನಾ ಗದ್ದೆ ಬದುವಿನ ಮೇಲೂ ಕೂತವ್ಳೇ” ಎಂದಳು ಅವಳು. “ಹಾಡು ಅರ್ಧಕ್ಕೆ ಕೊಯ್ದು ಹಾಕದ್ರಲ್ಲ, ಅದು ಮಾತ್ರ ಹೊಟ್ಟೆ ಉರೀತು.” ಮದುವೆಯಲ್ಲಿ ಪೂರ್ತಿ ಹೇಳುವೆಯಂತೆ ಎಂದೆ ನಾನು, ಧೈರ್ಯ ತಂದುಕೊಂಡು. ಅವಳು ನನ್ನ ಮುಖ ನೋಡಿದಳು. “ಮದುವೆಲಿ ಎಂತ ಹೇಳೂದು? ಅಶ್ವಿನಿಯನ್ನ ಒಪ್ಸಿ ಆತಲ್ಲ ತಮ್ಮಾ. ಮೂರು ಸಲ ಕೇಳ್ದೆ ನಿನ್ನ. ಒಂದು ಹೆಣ್ಣನ್ನ ಎರಡು ಸಲ ಕೊಡೂಕೆ ಬರೂದಿಲ್ಲ.”

ಸಿಟ್ಟಿನಿಂದ ಹೇಳಿದ್ದಾದರೆ ಜಗಳ ಆಡಬಹುದಿತ್ತು. ಅವಳ ದನಿಯಲ್ಲಿ ನನ್ನಷ್ಟೇ ಸಂಕಟವಿತ್ತು. ಮನೆಗೆ ಬಂದು ಅಶ್ವಿನಿಗೆ ಹೇಗೋ ಹೇಳಿದೆ. ಅವಳು ಬೈಯಲಿಲ್ಲ. “ನಂಗೆ ಕೇಳ್ಲೇ ಇಲ್ಲ ಅಪ್ಪಾ. ಕ್ಯಾಮೆರಾ ಅದೆ ಹೇಳಿ ಮುಖ ಸರಿ ಮಾಡ್ಕಳೂದ್ರಲ್ಲೇ ಆತು. ಮಾದೇವಜ್ಜಿ ಎಂತ ಹೇಳದ್ಲು?” ಎಂದಳು. ಇಪ್ಪತ್ತು ವರ್ಷ ಕಾದ ಹಾಡು ಎದುರಿಗೇ ನಡೆದುಹೋಗಿತ್ತು, ಅವಳಿಗೆ ಒಂದು ಸಾಲೂ ಸಿಕ್ಕಿರಲಿಲ್ಲ. ನನಗೆ ಅಷ್ಟು ನಾಚಿಕೆ ಜೀವನದಲ್ಲೇ ಆದದ್ದಿಲ್ಲ. ಚಾನೆಲ್ಲಿಗೆ ಫೋನು ಮಾಡಿ, ಪೂರ್ತಿ ಹಾಡಾದರೂ ಕಳಿಸಿ ಎಂದು ಬೇಡಿಕೊಂಡೆ. ಬೇಡದ್ದನ್ನೆಲ್ಲ ಅಳಿಸಿಹಾಕುತ್ತೇವೆ ಸರ್ ಎಂದಳು ಮೇಡಂ. ನಿಮ್ಮ ಅಳು ಮಾತ್ರ ಬೇಕಾದರೆ ಇದೆ, ಕಳಿಸಲಾ ಎಂದೂ ಕೇಳಿದಳು.

ಮದುವೆಯ ದಿನ ಮಾದೇವಕ್ಕ ಅದೇ ಕೆಂಪು ಸೀರೆ ಉಟ್ಟು ಎಲ್ಲರಿಗಿಂತ ಮೊದಲೇ ಸಭಾಭವನಕ್ಕೆ ಬಂದು ಉಳಿದ ಹಾಡೆಲ್ಲ ಹೇಳಿದಳು. ಊಟಕ್ಕೆ ಮೊದಲು ಹೆಣ್ಣು ಒಪ್ಪಿಸುವ ಹೊತ್ತು ಬಂತು. ಕುಮಟಾದವರು ಸಾಲಾಗಿ ಕೂತರು, ಅಶ್ವಿನಿ ಎದುರಿಗೆ ತಲೆ ತಗ್ಗಿಸಿ ಕೂತಳು, ಎಲ್ಲರೂ ಮಾದೇವಕ್ಕನ ಕಡೆ ನೋಡಿದರು. ಅವಳು ಎಲೆಯಡಿಕೆಯ ಚೀಲ ಕೆಳಗಿಟ್ಟು, “ನಂದು ಮುಗ್ದದೆ. ಇವತ್ತು ಅಪ್ಪ ಹೇಳ್ಲಿ” ಎಂದಳು.

ನನಗೆ ಹಾಡಲು ಬರುವುದಿಲ್ಲ. ಎದ್ದು ನಿಂತೆ. ನೆನಪಿದ್ದಷ್ಟನ್ನು ಮಾತಿನಲ್ಲೇ ಹೇಳಿದೆ. ನಾನು ಮರದ ಮೇಲಿದ್ದದ್ದು, ಇವಳು ಬರಿಗಾಲಿನಲ್ಲಿ ಮನೆಗೂ ಮರಕ್ಕೂ ಓಡಿದ್ದು, ಬಂತು ಅಪ್ಪಾ ಎಂದು ಕೂಗಿದ್ದು. ಇವಳಿಗೆ ಚಪ್ಪಲಿ ಹಾಕಿಕೋ ಎಂದು ನಾನು ಹೇಳಲಿಲ್ಲ, ನೀವಾದರೂ ಹೇಳಿ ಎಂದೆ. ಅಶ್ವಿನಿ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು, ಒಂದು ಮಾತನ್ನೂ ಬಿಡದೆ ಕೇಳುತ್ತಿದ್ದಳು. ಎದ್ದು ಬಂದು ನನ್ನನ್ನು ಅಪ್ಪಿಕೊಂಡಳು. ಇಬ್ಬರೂ ಅತ್ತೆವು, ಬೀಗರು ಅತ್ತರು. ಯಾವತ್ತೂ ಅಳದ ಮಾದೇವಕ್ಕ, ಅಂದು ಹಾಡುವವಳಲ್ಲದ ಕಾರಣ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಹೋದದ್ದು ಪೂರ್ತಿ ಹೋಗಲಿಲ್ಲ ಎಂದು ನನ್ನ ಜೀವಕ್ಕೆ ತಂಪಾಯಿತು.

ಅಷ್ಟರಲ್ಲಿ ಮದುವೆಯ ವೀಡಿಯೋದವನು ಹತ್ತಿರ ಬಂದು ಕಿವಿಯಲ್ಲಿ, “ಅಣ್ಣಾ, ಹಿಂದಿಂದ ಬೆಳ್ಕು ಹೊಡೀತು, ಮುಖ ಕಪ್ಪಾತು. ಆ ಚಪ್ಪಲಿ ಮಾತು ಇನ್ನೊಂದ್ಸಲ ಹೇಳ್ತ್ರಾ?” ಎಂದ. ಅವನ ಕ್ಯಾಮೆರಾ ಕಿತ್ತುಕೊಂಡು ಸಭಾಭವನದ ಬಾವಿಗೆ ಎಸೆಯುವಷ್ಟು ಸಿಟ್ಟು ನನಗೆ ಬರಬೇಕಿತ್ತು. ಎಲ್ಲ ತಿಳಿದವನು ನಾನು. ಅಶ್ವಿನಿ ಬೇಡ ಅಪ್ಪಾ ಎಂಬಂತೆ ನನ್ನ ತೋಳು ಹಿಡಿದಳು. ನಾನು ಕಣ್ಣೊರೆಸಿಕೊಂಡೆ, ಶಲ್ಯ ಸರಿಮಾಡಿಕೊಂಡೆ, ಎರಡು ಹೆಜ್ಜೆ ಎಡಕ್ಕೆ ಸರಿದು ಬೆಳಕಿಗೆ ಮುಖ ಕೊಟ್ಟು ನಿಂತು ಮೊದಲಿನಿಂದ ಶುರುಮಾಡಿದೆ. ಮಾದೇವಕ್ಕ ಚೀಲ ಎತ್ತಿಕೊಂಡು ಊಟದ ಪಂಕ್ತಿಯ ಕಡೆ ನಡೆದಳು. ನಿಜ ಹೇಳಬೇಕೆಂದರೆ, ಎರಡನೆಯ ಸಲದ ಅಳು ಮೊದಲಿನದಕ್ಕಿಂತ ಚೆನ್ನಾಗಿ ಬಂತು.